ಆ ಮನೆಯಿಂದ ಯುದ್ಧಕ್ಕೆ ಹೋದವರು

ಓದುಗ ಬಂಧುಗಳಿಗೆ ನಮಸ್ಕಾರ.

ಕೊಡಗಿನ ಸುಗ್ಗಿಹಬ್ಬ ಪುತ್ತರಿಯ ಕೂಟದ ದಿನ ಕದಿರಿನ ಪಕ್ಕದಲ್ಲಿ, ಭಾರತದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಫೋಟೊ ಇಟ್ಟಿದ್ದರು. ಕನ್ನಡ ಶಾಲೆಯ ಹುಡುಗಿಯೊಬ್ಬಳು ಅದರ ಮುಂದೆ ನಿಂತು, "ಇವರ ಮನೆಯಿಂದ ಇವರೊಬ್ಬರೇ ಯುದ್ಧಕ್ಕೆ ಹೋಗಿದ್ದಾ?" ಅಂದಳು. ದೊಡ್ಡವರು ಊಟದ ಸಾಲಿನಲ್ಲಿದ್ದರು, ಉತ್ತರ ಹೇಳುವವರು ಸಿಗಲಿಲ್ಲ. ಈ ಡಿಸೆಂಬರ್ 18ಕ್ಕೆ ತಿಮ್ಮಯ್ಯನವರು ತೀರಿಕೊಂಡು 60 ವರ್ಷ ತುಂಬುತ್ತದೆ. ಸಂಚಿಕೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ಸಂಪಾದಕೀಯದ ಜಾಗ ಇನ್ನೂ ಖಾಲಿ ಇದೆ. ಉತ್ತರ ಇಲ್ಲೇ ಬರಲಿ.

ಒಬ್ಬರೇ ಅಲ್ಲ ಮಗು. ಆ ಮನೆಯ ಮೂವರು ಗಂಡುಮಕ್ಕಳೂ ಸೈನ್ಯದ ಅಧಿಕಾರಿಗಳು. ಅಣ್ಣ ಪೊನ್ನಪ್ಪ ಎರಡನೇ ಮಹಾಯುದ್ಧದಲ್ಲಿ, ಜಪಾನೀಯರ ಜೊತೆ ನಿಂತ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು. ಅದೇ ಮಹಾಯುದ್ಧದಲ್ಲಿ ತಿಮ್ಮಯ್ಯ ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿಯಾಗಿ ಬರ್ಮಾದ ಅರಾಕಾನ್‌ನಲ್ಲಿ ಜಪಾನೀಯರ ಎದುರು ನಿಂತಿದ್ದರು. ಒಂದೇ ತಾಯಿಯ ಮಕ್ಕಳು ಎರಡು ಸೇನೆಗಳಲ್ಲಿ. ತಮ್ಮ ಸೋಮಯ್ಯ 1947-48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬ್ ಸಿಡಿದು ತೀರಿಕೊಂಡರು. ತಾಯಿ ಸೀತಮ್ಮ ಸಮಾಜಸೇವೆಗೆ ಹೆಸರಾದವರು. ತಿಮ್ಮಯ್ಯನವರ ಹೆಂಡತಿ ನೀನಾ ಮದುವೆಯಾಗಿ ಬಂದದ್ದು 1935ರ ಜನವರಿಯಲ್ಲಿ. ಮೇ 31ರ ನಸುಕಿಗೆ, ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾ ಊರು ಭೂಕಂಪಕ್ಕೆ ಕುಸಿದು ಬಿದ್ದಾಗ ಗಂಡ ಹೆಂಡತಿ ಇಬ್ಬರೂ ಅಲ್ಲೇ ಇದ್ದು ಪರಿಹಾರದ ಕೆಲಸಕ್ಕೆ ಇಳಿದರು. ಹೊಸ ಸಂಸಾರದ ಮೊದಲ ವರ್ಷವೇ ಹಾಗೆ ಕಳೆಯಿತು. ಮಗಳು ಮಿರೇಯ್ ಹುಟ್ಟಿದ್ದು ಮರುವರ್ಷ.

ತಿಮ್ಮಯ್ಯನವರು ಮಡಿಕೇರಿಯಲ್ಲಿ 1906ರ ಮಾರ್ಚ್ 31ರಂದು ಹುಟ್ಟಿದರು. ಎಂಟು ವರ್ಷಕ್ಕೇ ಕೂನೂರಿನ ಬೋರ್ಡಿಂಗ್ ಶಾಲೆ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್, ಡೆಹ್ರಾಡೂನ್, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1945ರ ಆರಂಭದಲ್ಲಿ ಬರ್ಮಾದ ಕಾಂಗಾವ್ ಕದನದಲ್ಲಿ ಅವರೂ ಥೋರಾತ್, ಸೇನ್ ಎಂಬ ಇನ್ನಿಬ್ಬರೂ ಒಂದೊಂದು ಬೆಟಾಲಿಯನ್ ನಡೆಸಿದರು, ಮೂವರಿಗೂ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಗೌರವ ಬಂತು. ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ನಾನು ಸ್ವಲ್ಪ ಬಿಡಿಸಿ ಹೇಳಬೇಕೆಂದಿರುವುದು ಜೋಜಿಲಾ.

ಕಾಶ್ಮೀರ ಕಣಿವೆಯಿಂದ ಲಡಾಖಿಗೆ ಹೋಗುವ ಕಣಿವೆಬಾಯಿ ಅದು, ಎತ್ತರ ಸುಮಾರು 11,500 ಅಡಿ. 1948ರಲ್ಲಿ ಅಲ್ಲಿದ್ದದ್ದು ಹೇಸರಗತ್ತೆ ನಡೆಯುವಷ್ಟು ಅಗಲದ ದಾರಿ. ಪಾಕಿಸ್ತಾನದ ಕಡೆಯ ಎದುರಾಳಿಗಳು ಎರಡೂ ಬದಿಯ ಬಂಡೆಗಳೊಳಗೆ ಮೆಷಿನ್‌ಗನ್ ಹೂಡಿ ಕೂತಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಎರಡು ಸಲ ನುಗ್ಗಿದರೂ ಆಗಲಿಲ್ಲ. ಕಾರಣ ಸರಳ: ಬಂಡೆಯೊಳಗಿನ ಗೂಡಿಗೆ ರೈಫಲ್ ಗುಂಡು ನಾಟುವುದಿಲ್ಲ, ಇಕ್ಕಟ್ಟಿನ ದಾರಿಯಲ್ಲಿ ನುಗ್ಗುವವರಿಗೆ ಮರೆ ಇರುವುದಿಲ್ಲ. ನೇರ ಎದುರಿಗೆ ನಿಂತು ಗೂಡಿನ ಬಾಯಿಗೇ ಹೊಡೆಯುವ ಫಿರಂಗಿ ಬೇಕಿತ್ತು. ಅಂದರೆ ಟ್ಯಾಂಕ್.

7ನೇ ಲೈಟ್ ಕ್ಯಾವಲ್ರಿ ಎಂಬ ಟ್ಯಾಂಕ್ ದಳದ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆ ಇದ್ದವು. ಒಂದೊಂದೂ ಸುಮಾರು 15 ಟನ್ ತೂಕ, 37 ಮಿ.ಮೀ. ಫಿರಂಗಿ, ಒಳಗೆ ನಾಲ್ವರು. ಶ್ರೀನಗರದ ದಾರಿಯ ಸೇತುವೆಗಳು ಆ ಭಾರ ತಡೆಯುವಂತಿರಲಿಲ್ಲ. ಹಾಗಾಗಿ ಮೇಲಿನ ಗೋಪುರ, ಅಂದರೆ ಟರೆಟ್, ಬಿಚ್ಚಿ ಬೇರೆ ಲಾರಿಗೆ ಹೇರಿದರು. ಇದರಿಂದ ಭಾರವೂ ಇಳಿಯಿತು, ದೂರದಿಂದ ನೋಡಿದವರಿಗೆ ಟ್ಯಾಂಕ್ ಎಂದು ಗೊತ್ತಾಗದ ಹಾಗೂ ಆಯಿತು. ಸಾಗಿಸಿದ್ದು ರಾತ್ರಿ, ಶ್ರೀನಗರ ದಾಟುವಾಗ ಊರಿಗೆ ಕರ್ಫ್ಯೂ. ಜೋಜಿಲಾದ ಬುಡದ ಬಾಲ್ತಾಲ್‌ನಲ್ಲಿ ಗೋಪುರ ಮತ್ತೆ ಕೂರಿಸಿದರು. ಅಲ್ಲಿಂದ ಮೇಲಕ್ಕೆ ಹೇಸರಗತ್ತೆಯ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. ಹಲಸೂರು ಕೆರೆಯ ಬಳಿ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್ ಕಂಡಿರುತ್ತೀರಲ್ಲ, ಅವರೇ. ಟ್ಯಾಂಕ್ ಹತ್ತಿಸಿದವರ ಹೆಸರಿನ ಜೊತೆ ದಾರಿ ಕಡಿದವರ ಹೆಸರೂ ಬರಬೇಕು ಎನ್ನುವುದು ನನ್ನ ಆಸೆ.

ಹಿಮ ಬಿದ್ದು ದಾಳಿಯ ದಿನ ಮುಂದೂಡಬೇಕಾಯಿತು. ನವೆಂಬರ್ 1ರಂದು ಟ್ಯಾಂಕುಗಳು ಮೇಲೆ ಹತ್ತಿದವು, ಮುಂದಿನ ಟ್ಯಾಂಕಿನಲ್ಲಿ ಡಿವಿಷನ್ನಿನ ಕಮಾಂಡರ್ ಮೇಜರ್ ಜನರಲ್ ತಿಮ್ಮಯ್ಯ ತಾವೇ ಕೂತಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಎದುರಾದೀತೆಂದು ಎದುರಾಳಿಗಳು ಎಣಿಸಿರಲಿಲ್ಲ. ಸಂಜೆಯೊಳಗೆ ಕಣಿವೆಬಾಯಿಯಾಚೆಯ ಗುಮ್ರಿ ಕೈಗೆ ಬಂತು, ತಿಂಗಳ ನಡುವೆ ದ್ರಾಸ್, 23ಕ್ಕೆ ಕಾರ್ಗಿಲ್. ಲೇಹ್ ದಾರಿ ತೆರೆಯಿತು. ತಮ್ಮನನ್ನು ಕಳೆದುಕೊಂಡದ್ದೂ ಇದೇ ಯುದ್ಧದಲ್ಲಿ ಎನ್ನುವುದನ್ನು ಜೋಜಿಲಾ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಮುಂದೆ ಕೊರಿಯಾದಲ್ಲಿ, ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷತೆ. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥ. ನಿವೃತ್ತರಾಗಿ ಕೊಡಗಿಗೆ ಬಂದವರನ್ನು ವಿಶ್ವಸಂಸ್ಥೆ 1964ರಲ್ಲಿ ತನ್ನ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿ ಸೈಪ್ರಸ್ಸಿಗೆ ಕರೆಯಿತು. ಅಲ್ಲೇ ನಿಕೋಸಿಯಾದಲ್ಲಿ 1965ರ ಡಿಸೆಂಬರ್ 18ರಂದು ಹೃದಯಾಘಾತ. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರದ ಅಂಚೆಚೀಟಿ ತಂದಿತು. ರಜೆಗೆ ಊರಿಗೆ ಹೋಗುವವರು ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಸನ್ನಿಸೈಡ್ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಬಹಳ ಕಾಲ ಆರ್‌ಟಿಒ ಕಚೇರಿಯಾಗಿದ್ದ ಆ ಮನೆ 2021ರ ಫೆಬ್ರವರಿ 6ರಿಂದ ಮ್ಯೂಸಿಯಂ ಆಗಿದೆ.

ಈಗ ಕೇಳಿಕೊಳ್ಳುವ ಮಾತು. ನಮ್ಮ ಸಂಘದಲ್ಲೂ ಸೈನಿಕರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಜನರಲ್ ಮನೆ ಮ್ಯೂಸಿಯಂ ಆಗುತ್ತದೆ, ಸಿಪಾಯಿಯ, ಹವಾಲ್ದಾರನ ಕಾಗದಗಳು ಟ್ರಂಕಿನಲ್ಲೇ ಗೆದ್ದಲು ಹಿಡಿಯುತ್ತವೆ. ಸಂಕ್ರಾಂತಿ ಕೂಟದ ದಿನ ಅವನ್ನೆಲ್ಲ ಸ್ಕ್ಯಾನ್ ಮಾಡಿಕೊಡಲು ಒಂದು ಮೇಜು ಹಾಕುತ್ತೇವೆ. ತರುವ ಮುಂಚೆ ಇಷ್ಟು ನೋಡಿಕೊಳ್ಳಿ.

ಪದಕಗಳನ್ನು ಹುಣಸೆಹಣ್ಣು, ಬ್ರಾಸೊ ಹಾಕಿ ಉಜ್ಜಬೇಡಿ. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳಲ್ಲಿ ನಂಬರು, ಹೆಸರು, ರೆಜಿಮೆಂಟು ಕೆತ್ತಿರುತ್ತಾರೆ. ದುಂಡಗಿನವಕ್ಕೆ ಅಂಚಿನಲ್ಲಿ, ನಕ್ಷತ್ರದ ಆಕಾರದವಕ್ಕೆ ಹಿಂಬದಿಯಲ್ಲಿ. ಉಜ್ಜಿದರೆ ಮೊದಲು ಸವೆಯುವುದು ಆ ಅಕ್ಷರಗಳೇ. ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ.

ಪತ್ರಗಳನ್ನು ಲ್ಯಾಮಿನೇಟ್ ಮಾಡಿಸಲೇಬೇಡಿ. ಬಿಸಿಗೆ ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಮಡಿಕೆ ಹರಿದಿದ್ದರೆ ಸೆಲೋಟೇಪ್ ಬೇಡ, ಕೆಲವೇ ವರ್ಷಕ್ಕೆ ಹಳದಿ ಕಲೆ ಬಿಡುತ್ತದೆ, ಹಾಗೇ ತನ್ನಿ. ಲಕೋಟೆ ಎಸೆಯಬೇಡಿ: ಅಂಚೆ ಮುದ್ರೆಯಲ್ಲಿ ಎಫ್‌ಪಿಒ, ಅಂದರೆ ಸೇನೆಯ ಫೀಲ್ಡ್ ಪೋಸ್ಟ್ ಆಫೀಸಿನ, ನಂಬರು ಇರುತ್ತದೆ, ಆ ನಂಬರು ಮತ್ತು ತಾರೀಖು ಇದ್ದರೆ ಬರೆದವರು ಆಗ ಎಲ್ಲಿದ್ದರು ಎಂದು ಪತ್ತೆ ಮಾಡಬಹುದು. ಒಳಗಿನ ಪತ್ರದಲ್ಲಿ ಊರಿನ ಹೆಸರು ಬರೆಯಲು ಸೆನ್ಸಾರ್ ಬಿಡುತ್ತಿರಲಿಲ್ಲ. ಪತ್ರಗಳಿಗೆ 300 ಡಿಪಿಐ ಸಾಕು, ಫೋಟೊಗಳಿಗೆ 600, ಎರಡೂ ಕಲರ್‌ನಲ್ಲಿ, ಹಿಂಬದಿಯೂ ಸೇರಿ. ಫೋಟೊದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದಕ್ಕೆ ಮೂಡುತ್ತದೆ. ಅಂಟು ಆಲ್ಬಂಗೆ ಕಚ್ಚಿಕೊಂಡ ಫೋಟೊ ಕೀಳಲು ಹೋಗಬೇಡಿ, ಪುಟದ ಸಮೇತ ಸ್ಕ್ಯಾನ್ ಆಗುತ್ತದೆ. ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ ಇದ್ದರೆ ಖಂಡಿತ ತನ್ನಿ, ಪಿಂಚಣಿ ಖಾತೆಯ ಸಂಖ್ಯೆ ಮಾತ್ರ ಕಾಗದದ ಪಟ್ಟಿಯಿಂದ ಮುಚ್ಚಿ.

ಇನ್ನು ಸೂಚನೆಗಳು. ಸಂಕ್ರಾಂತಿ ಕೂಟ ಜನವರಿ 17, ಶನಿವಾರ, ಬೆಳಿಗ್ಗೆ 10.30ಕ್ಕೆ. ಎಳ್ಳು ಹುರಿದು ಬೆರೆಸುವುದು ಹಿಂದಿನ ಸಂಜೆ, ಕೊಬ್ಬರಿ ಹೆಚ್ಚಲು ಇನ್ನೂ ನಾಲ್ವರು ಬೇಕು. ಸಕ್ಕರೆ ಅಚ್ಚು ಇರುವವರು ಎರವಲು ಕೊಡಿ. ಕನ್ನಡ ಶಾಲೆಗೆ ಡಿಸೆಂಬರ್ ಕೊನೆಯ ಎರಡು ವಾರ ರಜೆ. ಸದಸ್ಯತ್ವದ ಹಣ ಕಟ್ಟದವರು ತಿಂಗಳೊಳಗೆ ಕಟ್ಟಿ, ಸಭಾಂಗಣದ ಮುಂಗಡ ಅದರಿಂದಲೇ ಹೋಗಬೇಕು. ಕರಡು ತಿದ್ದುವವರಿಬ್ಬರಲ್ಲಿ ಒಬ್ಬರು ಊರಿಗೆ ಮರಳುತ್ತಿದ್ದಾರೆ. ಯುಗಾದಿ ಸಂಚಿಕೆಗೆ ಯಾರಾದರೂ ಕೈ ಜೋಡಿಸದಿದ್ದರೆ ಪುಟ ಕಡಿಮೆ ಮಾಡದೆ ದಾರಿಯಿಲ್ಲ. ವಾರಕ್ಕೆ ಒಂದು ಸಂಜೆ ಸಿಕ್ಕರೂ ಸಾಕು, ದಯವಿಟ್ಟು ಬನ್ನಿ. ಸ್ಕ್ಯಾನಿಂಗ್ ಮೇಜಿಗೆ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಎರಡು ಬೇಕು. ಕಾಗದ ಒಳಗೆ ಎಳೆದುಕೊಳ್ಳುವ ಬಗೆಯದು ಹಳೆಯ ಪತ್ರ ಹರಿಯುತ್ತದೆ, ಅದು ಬೇಡ. ಇರುವವರು ಜನವರಿ 10ರೊಳಗೆ ಕಾರ್ಯದರ್ಶಿಗಳಿಗೆ ತಿಳಿಸಿ.

— ಸಂ.