ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿರುವ ನಾಗೇಶನಿಗೆ, ಲೂಕಾ ವಿಷಯವಾಗಿ

ಬೆಂಗಳೂರು, ಜುಲೈ 2025

ಪ್ರೀತಿಯ ನಾಗೇಶ,

ನಿನ್ನ ಉದ್ದನೆಯ ಧ್ವನಿಸಂದೇಶ ಕೇಳಿದೆ. ಅರ್ಧ, ಡಲ್ಲಾಸ್ ಬಾಸ್ಕೆಟ್‌ಬಾಲ್ ತಂಡದ ತಾರೆ ಲೂಕಾನನ್ನು ಮಾರಿದ ಮ್ಯಾನೇಜರ್ ನಿಕೊ ಹ್ಯಾರಿಸನ್‌ಗೆ ಬೈಗುಳ, ಉಳಿದರ್ಧ ನನಗೆ. ಲೂಕಾನನ್ನು ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡಕ್ಕೆ ಕೊಟ್ಟು ಐದು ತಿಂಗಳಾದರೂ ನಿನ್ನ ಸೂತಕ ಕಳೆದಿಲ್ಲ. ಅರೇನಾದ ಎದುರು ಶವಪೆಟ್ಟಿಗೆ ಇಟ್ಟು ಪ್ರತಿಭಟಿಸಿದ ಗುಂಪಿನಲ್ಲಿ ಲೂಕಾನ 77ರ ಅಂಗಿ ತೊಟ್ಟು ನಿಂತ ನಿನ್ನ ಫೋಟೊ ನೋಡಿ, ‘ಇವರ ಮನೆಯಲ್ಲಿ ಯಾರು ಹೋದರು?’ ಎಂದು ನನ್ನ ಹೆಂಡತಿ ಗಾಬರಿಯಿಂದ ಕೇಳಿದ್ದಳು.

ನಿನಗೊಬ್ಬನಿಗೇ ಬರೆದರೆ ಒಂದು ಹೆಬ್ಬೆರಳು ಒತ್ತಿ ಮುಗಿಸುತ್ತೀಯ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ, ಮರ್ಯಾದೆಗೆ ಅಂಜಿಯಾದರೂ ಉತ್ತರ ಬರೆಯುತ್ತೀಯ. (ಉಳಿದ ಓದುಗರಿಗೆ: ನಾಗೇಶ ನಮ್ಮ ಕಾಲೇಜು ತಂಡದ ಪಾಯಿಂಟ್ ಗಾರ್ಡ್. ಚೆಂಡು ಕೈಗೆ ಸಿಕ್ಕರೆ ಯಾರಿಗೂ ಕೊಡುತ್ತಿರಲಿಲ್ಲ. ತುಮಕೂರಿನ ಪಂದ್ಯದ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಹೆದರಬೇಡ, ನಾಗೇಶ.)

ಈಗ ನಿನ್ನ ಪ್ರಶ್ನೆ. ಚಿನ್ನದಂಥ ಆಟಗಾರನನ್ನು ಲೆಕ್ಕದ ಪುಸ್ತಕಕ್ಕಾಗಿ ಯಾವ ಮೂರ್ಖ ಮಾರುತ್ತಾನೆ ಎಂದು ಕೇಳಿದ್ದೀಯ. ಬಹಳ ಜನ ಮಾರುತ್ತಾರೆ ಮಾರಾಯ, ಅದೂ ಬುದ್ಧಿವಂತರೇ. ಆದರೆ ಲೂಕಾನನ್ನು ಆ ಪಟ್ಟಿಗೆ ಸೇರಿಸಬೇಡ. ಐದು ವರ್ಷಕ್ಕೆ ಸುಮಾರು 34.5 ಕೋಟಿ ಡಾಲರ್ ಕೊಡಬೇಕಾದ ಒಪ್ಪಂದದಿಂದ ಡಲ್ಲಾಸ್ ತಪ್ಪಿಸಿಕೊಂಡಿತು, ನಿಜ. ಬದಲಿಗೆ ಬಂದ ಆಂಥೊನಿ ಡೇವಿಸ್ ಏನು ಅಗ್ಗದವನೇ? ವಯಸ್ಸು ಬೇರೆ 31 ದಾಟಿದೆ. ಅಲ್ಲಿ ಉಳಿತಾಯವೂ ಇಲ್ಲ, ಮುಂದಕ್ಕೆ ಕೈಕಾಲು ಆಡಿಸಲು ಜಾಗವೂ ಇಲ್ಲ. ಅದು ಬೇರೆಯದೇ ಕಾಯಿಲೆ.

ದುಡ್ಡೇ ದೊಡ್ಡಪ್ಪನಾಗಬಾರದು ಎಂದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 1984ರ ಹಂಗಾಮಿನಿಂದ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕೊಂದು ಮಿತಿ, ತಂದಿತು. ಆಗ ಒಂದು ತಂಡಕ್ಕೆ 36 ಲಕ್ಷ ಡಾಲರ್. 2025-26ರ ಹಂಗಾಮಿಗೆ ಸುಮಾರು 15.46 ಕೋಟಿ. ಒಬ್ಬನೇ ತಾರೆ ಅದರಲ್ಲಿ ಶೇ 35ರವರೆಗೆ ಪಡೆಯಬಹುದು. ಇದು ಮೆದು ಮಿತಿ, ತನ್ನದೇ ಆಟಗಾರರನ್ನು ಉಳಿಸಿಕೊಳ್ಳಲು ತಂಡ ಅದನ್ನು ದಾಟಬಹುದು, ಒಂದು ಹಂತದ ನಂತರ ಲಕ್ಸುರಿ ಟ್ಯಾಕ್ಸ್ ಎಂಬ ದಂಡ ಕಟ್ಟಬೇಕು, ಅಷ್ಟೇ. ಕಟ್ಟುವ ಕುಬೇರರು ಇದ್ದೇ ಇದ್ದರು. ಆದ್ದರಿಂದ 2023ರ ಒಪ್ಪಂದದಲ್ಲಿ ‘ಸೆಕೆಂಡ್ ಏಪ್ರನ್’ ಎಂಬ ಇನ್ನೊಂದು ಗೆರೆ ಎಳೆದರು. 2025-26ರ ಹಂಗಾಮಿಗೆ ಅದು 20.78 ಕೋಟಿಯ ಹತ್ತಿರ. ಅದನ್ನು ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಟ್ರೇಡ್‌ನಲ್ಲಿ, ಅಂದರೆ ಆಟಗಾರರ ಅದಲುಬದಲಿನಲ್ಲಿ, ನಗದು ಸೇರಿಸುವಂತಿಲ್ಲ, ಏಳು ವರ್ಷ ಆಚೆಯ ತನ್ನ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸುವ ಸರದಿ) ಕೂಡ ಹೆಪ್ಪುಗಟ್ಟುತ್ತದೆ, ಯಾರಿಗೂ ಕೊಡುವಂತಿಲ್ಲ. ದಂಡ ಕಟ್ಟಿ ಪಾರಾಗುವ ಬಾಗಿಲನ್ನೇ ಮುಚ್ಚಿದರು.

ಇದರಲ್ಲೊಂದು ಸ್ವಾರಸ್ಯವಿದೆ. ಒಬ್ಬನ ಸಂಬಳಕ್ಕೂ ಗರಿಷ್ಠ ಮಿತಿ ಇರುವುದರಿಂದ, ಲೀಗಿನ ಅತ್ಯುತ್ತಮರಲ್ಲೊಬ್ಬನಾದ ಜೊಕಿಚ್‌ನಂಥವನಿಗೆ ಎಷ್ಟು ಕೊಟ್ಟರೂ ತಂಡಕ್ಕೆ ಲಾಭವೇ. ತೊಡಕು ಇರುವುದು ಎರಡನೆಯವನಲ್ಲಿ, ಮೂರನೆಯವನಲ್ಲಿ. ಅವರೂ ತಾರೆಯರೇ, ಕೇಳುವ ಸಂಬಳವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅವರು ಜೊಕಿಚ್ ಅಲ್ಲ. ಲೆಕ್ಕಕ್ಕಾಗಿ ಮಾರಾಟವಾಗುವವರು ಬಹುತೇಕ ಇವರೇ. ಮಿನೆಸೊಟಾ ಕಳೆದ ವರ್ಷ ಟೌನ್ಸ್‌ನನ್ನು ನ್ಯೂಯಾರ್ಕ್‌ಗೆ ಕಳಿಸಿದ್ದರ ಹಿಂದೆಯೂ ಈ ಲೆಕ್ಕವಿತ್ತು.

ಹಾರ್ಡನ್‌ನನ್ನು ನೆನಪಿಸಿಕೋ. 2012ರಲ್ಲಿ ಒಕ್ಲಹೋಮ ಸಿಟಿ ಫೈನಲ್‌ಗೆ ಹೋಗಿ ಮಯಾಮಿಗೆ ಸೋತಿತು. ಡುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್: ಮೂವರೂ ಮುಂದೆ ಒಬ್ಬೊಬ್ಬರಾಗಿ ಎಂವಿಪಿ (ಹಂಗಾಮಿನ ಅತ್ಯುತ್ತಮ ಆಟಗಾರ) ಆದವರು, ಒಂದೇ ತಂಡದಲ್ಲಿದ್ದರು! ಹಾರ್ಡನ್ ಆಗ ಬೆಂಚಿನಿಂದ ಎದ್ದು ಬಂದು ಆಡುತ್ತಿದ್ದ. ಮೊದಲಿಬ್ಬರ ಒಪ್ಪಂದ ಆಗಿತ್ತು, ಆ ಬೇಸಿಗೆಯಲ್ಲಿ ಇಬಾಕಾನದೂ ಆಯಿತು. ಹಾರ್ಡನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿ ಕೊಡುತ್ತೇವೆ ಎಂದರು. ಅವನಿಗೆ ಸಿಗಬಹುದಾಗಿದ್ದ ಗರಿಷ್ಠ ಸುಮಾರು 6 ಕೋಟಿ. ಅಷ್ಟಕ್ಕೆ ಮಾತು ಮುರಿಯಿತು. ಊರು ಚಿಕ್ಕದು, ಹೊಸ ನಿಯಮದಿಂದ ತೆರಿಗೆ ಏರುವುದಿತ್ತು. ಹಂಗಾಮು ಶುರುವಾಗಲು ಕೆಲವೇ ದಿನಗಳಿರುವಾಗ, ಅಕ್ಟೋಬರ್ 27ರಂದು, ತಂಡದ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಅವನನ್ನು ಹ್ಯೂಸ್ಟನ್‌ಗೆ ಕಳಿಸಿಬಿಟ್ಟ. ಅಲ್ಲಿ ಮೊದಲ ಪಂದ್ಯದಲ್ಲೇ 37 ಅಂಕ.

ಇಷ್ಟು ವರ್ಷ ನಾವಿಬ್ಬರೂ ಸೇರಿ ಪ್ರೆಸ್ಟಿಯನ್ನು ಬೈದೆವು. ಅದೇ ಪ್ರೆಸ್ಟಿ 2019ರಲ್ಲಿ, ಹೋಗುತ್ತೇನೆ ಎಂದ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಶಾಯ್ ಎಂಬ ಹುಡುಗನನ್ನೂ ಒಂದು ರಾಶಿ ಪಿಕ್‌ಗಳನ್ನೂ ತಂದ. ಅದರಲ್ಲೊಂದು ಪಿಕ್‌ನಿಂದ ಜೇಲೆನ್ ವಿಲಿಯಮ್ಸ್ ಬಂದ. ಕಳೆದ ತಿಂಗಳು ಇವರಿಬ್ಬರೇ ಮುಂದೆ ನಿಂತು ಒಕ್ಲಹೋಮ ಸಿಟಿಗೆ ಪ್ರಶಸ್ತಿ ಗೆಲ್ಲಿಸಿದರು. ಈಗ ಬೈಯುವುದಕ್ಕೆ ನಾಲಿಗೆ ಏಳುವುದಿಲ್ಲ. ನಮ್ಮ ಆರ್‌ಸಿಬಿ ಸಿರಾಜ್‌ನನ್ನು ಹರಾಜಿಗೆ ಬಿಟ್ಟಾಗ ನಾನು ರಾತ್ರಿ ಊಟ ಮಾಡಿರಲಿಲ್ಲ. ಕಪ್ ಬಂದ ರಾತ್ರಿ ಅವನ ನೆನಪೇ ಆಗಲಿಲ್ಲ.

ಬಾಸ್ಟನ್ನನ್ನು ನೋಡು. 2024ರಲ್ಲಿ ಹದಿನೆಂಟನೇ ಪ್ರಶಸ್ತಿ. ವರ್ಷ ತಿರುಗುವಷ್ಟರಲ್ಲಿ ತಂಡದ ತಾರೆ ಟೇಟಮ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು, ಸಂಬಳ ಮತ್ತು ತೆರಿಗೆ ಸೇರಿ ಮುಂದಿನ ಖರ್ಚು 50 ಕೋಟಿ ಡಾಲರ್ ದಾಟುತ್ತದೆ ಎಂಬ ಅಂದಾಜು ಬಂತು. ಜೂನ್ ಕೊನೆಯ ವಾರದಲ್ಲಿ ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ, ಪೊರ್ಜಿಂಗಿಸ್ ಅಟ್ಲಾಂಟಾಗೆ ಎಂಬ ಸುದ್ದಿ ಒಂದರ ಹಿಂದೆ ಒಂದು. ಇಬ್ಬರೂ ಏನು ತಪ್ಪು ಮಾಡಿದ್ದರು? ಏನೂ ಇಲ್ಲ. ಗೆಲ್ಲಿಸಿದ್ದರು.

ನನಗೆ ನಿದ್ದೆ ಕೆಡಿಸಿದ್ದು ಮಾತ್ರ ಇವರು ಯಾರೂ ಅಲ್ಲ, ಕೀತ್ ವ್ಯಾನ್ ಹಾರ್ನ್. ಅದು ನಿನ್ನ ಡಲ್ಲಾಸ್‌ನದೇ ಕಥೆ, 2008ರ ಫೆಬ್ರವರಿಯದು. ನ್ಯೂಜೆರ್ಸಿಯಿಂದ ಜೇಸನ್ ಕಿಡ್‌ನನ್ನು ತರಬೇಕಿತ್ತು. ಹೋಗುವವರ ಸಂಬಳಕ್ಕೂ ಬರುವವರ ಸಂಬಳಕ್ಕೂ ತಾಳೆಯಾಗಬೇಕು. ಸ್ವಲ್ಪ ಕಡಿಮೆ ಬಿತ್ತು. ಆಗ ವ್ಯಾನ್ ಹಾರ್ನ್‌ನ ನೆನಪಾಯಿತು. 2006ರ ನಂತರ ಅವನು ಅಂಗಳಕ್ಕೇ ಇಳಿದಿರಲಿಲ್ಲ, ಮನೆಯಲ್ಲಿದ್ದ. ಅವನಿಂದ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿ ಆ ವ್ಯವಹಾರದಲ್ಲೇ ನ್ಯೂಜೆರ್ಸಿಗೆ ಸೇರಿಸಿದರು. ಸಿಕ್ಕಿದ್ದು 40 ಲಕ್ಷ ಡಾಲರ್‌ಗೂ ಹೆಚ್ಚು, ಆಡಿದ್ದು ಒಂದು ನಿಮಿಷವೂ ಇಲ್ಲ. ತಕ್ಕಡಿಯ ತಟ್ಟೆಗೆ ಹಾಕಿದ ಕಲ್ಲು.

ಇದನ್ನೆಲ್ಲ ಯಾಕೆ ಇಷ್ಟು ಓದಿಕೊಂಡೆ ಎಂದು ನೀನು ಕೇಳುತ್ತೀಯ. ಏಪ್ರಿಲ್‌ನಲ್ಲಿ ಮೇಲಿನವರು ನನ್ನ ವಿಭಾಗದ ಖರ್ಚು ಇಳಿಸಬೇಕೆಂದು ಒಂದು ಎಕ್ಸೆಲ್ ಹಾಳೆ ಕಳಿಸಿದರು. ಹೆಸರು, ಹುದ್ದೆ, ಅನುಭವ, ಕೊನೆಯ ಅಂಕಣದಲ್ಲಿ ವರ್ಷದ ಸಂಬಳ. ನನ್ನ ಹೆಸರು ಇರಲಿಲ್ಲ, ಕತ್ತರಿ ಹಿಡಿದವನ ಹೆಸರು ಅಂಥ ಪಟ್ಟಿಯಲ್ಲಿ ಇರುವುದಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ, ತಮಾಷೆಗೆಂದು, ಕೆಳಗೊಂದು ಸಾಲು ಸೇರಿಸಿ ನನ್ನ ಹೆಸರನ್ನೂ ಸಂಬಳವನ್ನೂ ತುಂಬಿದೆ. ನಾನೊಬ್ಬ ಹೋದರೆ ಅವರು ಕೇಳಿದಷ್ಟೂ ಉಳಿಯುತ್ತಿತ್ತು, ಮೇಲೆ ಇಬ್ಬರು ಚುರುಕಾದ ಹೊಸಬರಿಗೆ ಸಾಲುವಷ್ಟು ಮಿಗುತ್ತಿತ್ತು. ನಿಜ ಹೇಳುತ್ತೇನೆ ನಾಗೇಶ, ಆಗ ಮೊದಲು ಆದದ್ದು ಭಯವಲ್ಲ, ಖುಷಿ. ಲೆಕ್ಕ ಅಷ್ಟು ಚೆನ್ನಾಗಿ ಕೂತಿತ್ತು. ಪ್ರೆಸ್ಟಿಯ ಜಾಗದಲ್ಲಿ ನಾನಿದ್ದರೆ ನನ್ನನ್ನು ಅಂದೇ ಕಳಿಸುತ್ತಿದ್ದೆ. ಭಯ ಬಂದದ್ದು ಹಲ್ಲುಜ್ಜುವಾಗ.

ಆಮೇಲೆ ಆ ಸಾಲನ್ನು ಅಳಿಸಿ, ಬೇರೆ ಇಬ್ಬರ ಹೆಸರಿಗೆ ಹಳದಿ ಬಣ್ಣ ಹಾಕಿ ಕಳಿಸಿದೆ. ಅವರಲ್ಲೊಬ್ಬರು ನನಗಿಂತ ಚೆನ್ನಾಗಿ ಕೆಲಸ ಬಲ್ಲವರು. ನನಗೆ ಕೆಲಸ ಕಲಿಸಿದವರೂ ಅವರೇ. ವಿದಾಯದ ದಿನ ಅವರು ನನಗೆ ಧನ್ಯವಾದ ಹೇಳಿದರು.

ಇದನ್ನು ಬರೆಯಬೇಕೆಂದು ಕೂತಿರಲಿಲ್ಲ. ಬರೆದಾಯಿತು, ಇರಲಿ.

ನೀನು ಗಂಭೀರವಾಗಿ ಫೋನ್ ಮಾಡಿ ಸಮಾಧಾನ ಹೇಳಬೇಡ, ನಿನ್ನ ಸಮಾಧಾನ ಎಂಥದ್ದೆಂದು ನಾನು ನೋಡಿದ್ದೇನೆ. ಅದರ ಬದಲು ಆ ಕಡೆ ಎಲ್ಲಾದರೂ ವ್ಯಾನ್ ಹಾರ್ನ್‌ನ ಹುದ್ದೆ ಖಾಲಿ ಇದ್ದರೆ ತಿಳಿಸು. ಮನೆಯಲ್ಲೇ ಇರುತ್ತೇನೆ, ತೋರಿಸಿದಲ್ಲಿ ಸಹಿ ಹಾಕುತ್ತೇನೆ, ಆಡು ಎಂದರೂ ಆಡುವುದಿಲ್ಲ. ತೂಕದ ಬಗ್ಗೆ ಅವರಿಗೆ ಚಿಂತೆ ಬೇಡ, ನನ್ನ ಹೊಟ್ಟೆಯನ್ನು ನೀನು ನೋಡಿದ್ದೀಯಲ್ಲ. ನಿಮಗೇನು, ಡ್ರಾಫ್ಟ್ ಲಾಟರಿಯಲ್ಲಿ ಶೇ 1.8ರ ಸಾಧ್ಯತೆಯಲ್ಲಿ ಮೊದಲ ಪಿಕ್ ಹೊಡೆದು ಹೊಸ ಹುಡುಗ ಕೂಪರ್ ಫ್ಲಾಗ್‌ನನ್ನು ಮನೆಗೆ ಕರೆತಂದ ಊರಿನವರು. ಇನ್ನೂ ಗೊಣಗಿದರೆ ದೇವರು ಮೆಚ್ಚುವುದಿಲ್ಲ.

ಮತ್ತೆ, ನಮ್ಮ ಕಚೇರಿಯವರು ಯಾರಾದರೂ ಇಲ್ಲಿಯವರೆಗೆ ಓದಿದ್ದರೆ ಒಂದು ಸ್ಪಷ್ಟನೆ: ಈ ಪತ್ರ ಪೂರ್ತಿ ಬಾಸ್ಕೆಟ್‌ಬಾಲ್ ಕುರಿತದ್ದು. ನನ್ನ ಸಂಬಳದ ಅಂಕಣದಲ್ಲಿ ನೋಡುವಂಥದ್ದು ಏನೂ ಇಲ್ಲ.

ನಿನ್ನ,
ಬೆಂಚು