ಬಸ್ಸಿನ ವಯಸ್ಸು, ಶಾಲೆಯ ವಯಸ್ಸು

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ತಿಂಗಳು 2 ಮತ್ತು 3ನೇ ತರಗತಿಯ ಮಕ್ಕಳನ್ನು ಲಕ್ಕುಂಡಿಗೆ, ಅಲ್ಲಿಂದ ಗದಗಿನ ಬಿಂಕದಕಟ್ಟಿ ಪ್ರಾಣಿ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಅದರ ಒಪ್ಪಿಗೆ ಚೀಟಿ ಈ ಪತ್ರದ ಜೊತೆ ಇದೆ. ಸುಮ್ನೆ ಚೀಟಿ ಕಳಿಸಿದ್ದರೂ ಸಾಕಿತ್ತು. ಆದರೆ ಮಕ್ಕಳ ಪಟ್ಟಿ ಮಾಡುವಾಗ ಒಂದು ಮಾತು ಬಂತು. ಅದನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ.

ಟಿಕೆಟ್ ಲೆಕ್ಕಕ್ಕೆ ಹೆಸರಿನ ಮುಂದೆ ವಯಸ್ಸು ಬರೆಯಬೇಕಿತ್ತು. ಎರಡನೇ ತರಗತಿಯ ಟೀಚರ್ ರಜೆ ಹಾಕಿದ್ದರು, ನಾನೇ ಹೋಗಿದ್ದೆ. ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆ. ಒಬ್ಬ ಹುಡುಗ ಎದ್ದು ನಿಂತ. "ನಿನಗೆಷ್ಟಪ್ಪಾ?" ಅಂದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆಮೇಲೆ ಕೇಳಿದ: "ಯಾವ್ದು ಹೇಳ್ಲಿ ಸರ? ಬಸ್ಸಿನ್ಯಾಗಿಂದೋ, ಸಾಲ್ಯಾಗಿಂದೋ?"

ಚೇಷ್ಟೆಗೆ ಕೇಳಿದ್ದಲ್ಲ. ಕ್ಲಾಸಿನಲ್ಲಿ ಒಬ್ಬರೂ ನಗಲೂ ಇಲ್ಲ. ಅದೇ ನನಗೆ ನಾಟಿದ್ದು.

ಬಸ್ಸಿನ ವಯಸ್ಸು ಬೇರೆ ಇರುವವರು ಕೈ ಎತ್ತಿ ಅಂದೆ. ಹೆಸರು ಬರೆದುಕೊಂಡಿಲ್ಲ, ಯಾರಿಗೂ ಬೈದೂ ಇಲ್ಲ. ಹುಡುಗರ ಸಾಲಿನಲ್ಲಿ ಕೈಗಳು ಸರಸರ ಎದ್ದವು. ಒಬ್ಬನಂತೂ ಮುಂದೆ ಬಂದು ಮಾಡಿಯೇ ತೋರಿಸಿದ. ಮೊಣಕಾಲು ಚೂರು ಮಡಚಿ, ಇಲ್ಲದ ಸೆರಗನ್ನು ಕೈಯಲ್ಲಿ ಹಿಡಿದು, ಬಾಯಿ ಬಿಗಿಯಾಗಿ ಮುಚ್ಚಿ ನಿಂತ. ಬಾಯಿ ಯಾಕೋ ಮುಚ್ಚಿದಿ ಅಂತ ಕೇಳಿದೆ. "ಹಲ್ಲು ಬಿದ್ದಾವಲ್ರಿ ಸರ, ಕಂಡಕ್ಟರ್ ನೋಡ್ತಾನ" ಅಂದ. ಐದು ವರ್ಷದವರಿಗೆ ಮುಂದಿನ ಹಲ್ಲು ಬಿದ್ದಿರುವುದಿಲ್ಲ ಅನ್ನುವುದು ಅವನಿಗೆ ಗೊತ್ತು. ಯಾರು ಹೇಳಿಕೊಟ್ಟರೋ.

ಹುಡುಗಿಯರು ಮಾತ್ರ ಕೈ ಎತ್ತಲಿಲ್ಲ. ಇವರೇನು ಇಷ್ಟು ಒಳ್ಳೆಯವರಾ ಅಂತ ಒಂದು ಗಳಿಗೆ ಖುಷಿಪಟ್ಟೆ. ಅಷ್ಟರಲ್ಲಿ ಒಬ್ಬಳು ಅಂದಳು, "ನಮಗ ಬಸ್ ಫ್ರೀ ಐತಲ್ರಿ ಸರ, ನಾವ್ಯಾಕ ಸುಳ್ಳ ಹೇಳೂದು?" 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಇವರು ಅಂಗನವಾಡಿ ವಯಸ್ಸಿನವರು. ಸುಳ್ಳು ಹೇಳುವ ಪ್ರಸಂಗವೇ ಅವರಿಗೆ ಬಂದಿಲ್ಲ. ಅವ್ವನಿಗೆ ಝೀರೋ ಟಿಕೆಟ್, ಅಕ್ಕನಿಗೆ ಝೀರೋ ಟಿಕೆಟ್. ಈ ಹುಡುಗನೊಬ್ಬನಿಗೆ ಯಾಕೆ ದುಡ್ಡು ಕೊಡಬೇಕು ಅಂತ ಅನಿಸುತ್ತದೆ, ಅಲ್ವಾ? ನನಗೆ ಅರ್ಥ ಆಗುತ್ತದೆ.

ನಿಯಮ ನಿಮಗೂ ಗೊತ್ತು. ನಮ್ಮ ವಾಯವ್ಯ ಸಾರಿಗೆ ಬಸ್ಸಿನಲ್ಲಿ 6 ವರ್ಷದವರೆಗೆ ಟಿಕೆಟ್ ಇಲ್ಲ, ಅಲ್ಲಿಂದ 12ರವರೆಗೆ ಅರ್ಧ ಟಿಕೆಟ್. ರೈಲಿನಲ್ಲಿ ಬೇರೆ ಸೀಟು ಕೇಳದಿದ್ದರೆ 5 ತುಂಬುವವರೆಗೆ ಫ್ರೀ. ಹಾಗಾಗಿ ಒಂದೇ ಹುಡುಗ ರೈಲಿನಲ್ಲಿ ನಾಲ್ಕು, ಬಸ್ಸಿನಲ್ಲಿ ಐದು, ಶಾಲೆಯಲ್ಲಿ ಏಳು. ಬಸ್ಸಿನಲ್ಲಿ ಚೆಕಿಂಗ್‌ನವರು ಹತ್ತಿದರೆ ಮೆಮೊ ಬರುವುದು ಕಂಡಕ್ಟರಿಗೆ. ಕಂಡಕ್ಟರರ ಮಕ್ಕಳೂ ನಮ್ಮ ಶಾಲೆಯಲ್ಲಿ ಓದುತ್ತಾರೆ, ಮರೆಯಬೇಡಿ.

ನಾನೇನು ದೊಡ್ಡ ಸಾಚಾ ಅಂತ ಈ ಪತ್ರ ಬರೆಯುತ್ತಿಲ್ಲ. ಇಪ್ಪತ್ತು ವರ್ಷದ ಹಿಂದಿನ ಮಾತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲು. ಮಗಳಿಗೆ ಆರು ತುಂಬಿತ್ತು, ಅರ್ಧ ಟಿಕೆಟ್ ತೆಗೆದಿರಲಿಲ್ಲ. ಟಿಸಿ ಬಂದಾಗ ಕಣ್ಣು ಮುಚ್ಚಿ ಮಲಗು, ಮಲಗಿದರೆ ಸಣ್ಣವಳ ಹಾಗೆ ಕಾಣುತ್ತಿ ಅಂತ ಹೇಳಿಕೊಟ್ಟಿದ್ದೆ. ಟಿಸಿ ಬಂದರು, ಮಗುವಿಗೆ ಎಷ್ಟು ಅಂತ ಕೇಳಿದರು. ನಾಲ್ಕೂವರೆ ಅಂದೆ, ಹೋದರು. ಕುಂದಗೋಳ ದಾಟಿತು. ಮಗಳು ಕಣ್ಣು ಬಿಡಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡೆ. ನೋಡಿದರೆ ರೆಪ್ಪೆ ಅದುರುತ್ತಿತ್ತು, ಕೈ ಬಿಗಿಯಾಗಿ ಮುಷ್ಟಿ ಹಿಡಿದಿತ್ತು. ಅವರು ಹೋದ್ರವ್ವಾ ಅಂದರೂ ಇಲ್ಲ. ಹಾವೇರಿ ಬಂದಾಗ ಒಂದೇ ಕಣ್ಣು ತೆರೆದು ಕೇಳಿದಳು, "ಅಪ್ಪಾ, ಈಗ ನನಗ ಆರೇನು?"

ಉಳಿದ ದುಡ್ಡು ಏನಾಯಿತೋ ನೆನಪಿಲ್ಲ. ಆ ಮುಷ್ಟಿ ನೆನಪಿದೆ.

ಇನ್ನೊಂದು ಕಡೆ ವಯಸ್ಸು ಏರುತ್ತದೆ. ಮೇ ತಿಂಗಳು ಬಂದರೆ ಸಾಕು, ಒಂದನೇ ತರಗತಿಗೆ ಸೇರಿಸಲು ಬಂದವರು "ಎರಡು ತಿಂಗಳು ಹಿಂದ ಬರ್ಕೊಳ್ರಿ ಸರ" ಅನ್ನುತ್ತಾರೆ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ಸರಕಾರದ ನಿಯಮ. 2025-26ರಲ್ಲಿ ಮಾತ್ರ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ತುಂಬದಿದ್ದರೆ ಖಾಸಗಿ ಶಾಲೆಯ ಯುಕೆಜಿಗೆ ಇನ್ನೊಂದು ವರ್ಷ ಫೀ ಕಟ್ಟಬೇಕು, ಕಷ್ಟವೇ. ಆದರೆ ನಾನು ರಿಜಿಸ್ಟರಿನಲ್ಲಿ ಬರೆದ ತಾರೀಖೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಆಮೇಲೆ ತಿದ್ದಿಸಲು ಕೋರ್ಟಿಗೆ ಅಲೆದವರನ್ನು ನೋಡಿದ್ದೇನೆ. ಜನನ ಪ್ರಮಾಣ ಪತ್ರದಲ್ಲಿ ಇದ್ದದ್ದೇ ಬರೆಯುತ್ತೇನೆ, ದಯವಿಟ್ಟು ಕೇಳಬೇಡಿ.

ನಮ್ಮ ಕಾಲದಲ್ಲಿ ಬೇರೆ ಇತ್ತು ಬಿಡಿ. ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಮಾಸ್ತರು ಸೇರಿಸಿಕೊಳ್ಳುತ್ತಿದ್ದರು. ತಾರೀಖು ಜೂನ್ 1. ನನ್ನದೂ ಅದೇ. ನಮ್ಮಲ್ಲಿ ಮೇ 31ಕ್ಕೆ ಅಷ್ಟು ಮಂದಿ ನಿವೃತ್ತಿ ಆಗುವುದು ಸುಮ್ಮನೆ ಅಲ್ಲ! ನಾನು ಹುಟ್ಟಿದಾಗ ಜೋಳದ ರಾಶಿ ನಡೆದಿತ್ತು ಅಂತ ಅವ್ವ ಹೇಳುತ್ತಿದ್ದಳು. ಅಂದರೆ ಜೂನ್ ಅಂತೂ ಅಲ್ಲ. ನಿಜವಾದ ದಿನ ನನಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಮಕ್ಕಳಿಗೆ ಗೊತ್ತಿದೆ.

ಪ್ರವಾಸದ ದುಡ್ಡು ಒಮ್ಮೆಲೇ ಕೊಡಲು ಆಗದವರು ನನ್ನನ್ನು ಬಂದು ನೋಡಿ. ಎಸ್‌ಡಿಎಂಸಿಯವರ ಜೊತೆ ಮಾತಾಡಿದ್ದೇನೆ, ದುಡ್ಡಿಗಾಗಿ ಯಾವ ಮಗುವನ್ನೂ ಬಿಟ್ಟು ಹೋಗುವುದಿಲ್ಲ. ಬಸ್ಸಿನ ಅರ್ಧ ಟಿಕೆಟ್ಟೂ ಭಾರ ಆಗುವ ಮನೆಗಳಿವೆ, ಅದೂ ಗೊತ್ತು. ಆದರೆ ಹಳೇ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಗಿರಮಿಟ್ಟು, ಮಿರ್ಚಿ ತಿಂದು ಮನೆಗೆ ಹೋಗುವವರೂ ಇದ್ದೇವೆ ಅಲ್ವಾ?

ಚೀಟಿಯಲ್ಲಿ ಹುಟ್ಟಿದ ತಾರೀಖು ಮತ್ತು ವಯಸ್ಸಿನ ಜಾಗ ಖಾಲಿ ಬಿಟ್ಟಿದ್ದೇವೆ. ಅದನ್ನು ನೀವು ತುಂಬಬೇಡಿ. ಪ್ರಮಾಣ ಪತ್ರ ತೆಗೆದು ತೋರಿಸಿ, ಮಕ್ಕಳೇ ನೋಡಿ ಬರೆಯಲಿ. ಅಕ್ಷರ ಸೊಟ್ಟ ಆದರೂ ನಡೆಯುತ್ತದೆ. ಶನಿವಾರದೊಳಗೆ ಕಳಿಸಿ. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ ಸಾಕು. ಚಿಪ್ಸ್ ಪ್ಯಾಕೆಟ್ ಕಟ್ಟಬೇಡಿ.

ನಿಮ್ಮ,
ಮುಖ್ಯೋಪಾಧ್ಯಾಯರು
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಹುಬ್ಬಳ್ಳಿ