ಇನ್ನು ಮುಂದೆ ಕ್ರಿಪ್ಟೋದಲ್ಲಿ ಹಣ ತೆಗೆದುಕೊಳ್ಳುವುದಿಲ್ಲ: ಗ್ರಾಹಕರಿಗೆ ನಮ್ಮ ಬೆಳೆಗಾರರ ಸಂಘದ ಪತ್ರ

ಗೋಣಿಕೊಪ್ಪಲು, ಕೊಡಗು

ಪ್ರೀತಿಯ ಗ್ರಾಹಕರಿಗೆ,

ನಮಸ್ಕಾರ. ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಇನ್ನು ಮುಂದೆ ಕಾಫಿ, ಕರಿಮೆಣಸು, ಜೇನು ಯಾವುದಕ್ಕೂ ನಾವು ಯುಎಸ್‌ಡಿಟಿ, ಬಿಟ್‌ಕಾಯಿನ್ ಅಥವಾ ಬೇರೆ ಯಾವ ಕ್ರಿಪ್ಟೋದಲ್ಲೂ (ಕಂಪ್ಯೂಟರ್ ಜಾಲದಲ್ಲಿ ಮಾತ್ರ ಇರುವ ಡಿಜಿಟಲ್ ನಾಣ್ಯ) ಹಣ ತೆಗೆದುಕೊಳ್ಳುವುದಿಲ್ಲ. ನಿಮ್ಮಲ್ಲಿ ಹೆಚ್ಚಿನವರಿಗೆ ಇದರಿಂದ ಏನೂ ವ್ಯತ್ಯಾಸ ಇಲ್ಲ. ಎಂದಿನ ಹಾಗೆ ಯುಪಿಐ ಮಾಡಿ, ಪುಡಿ ಮನೆಗೆ ಬರುತ್ತದೆ. ಹೊರದೇಶದಲ್ಲಿರುವ ಕೆಲವರಿಗೆ, ಅದರಲ್ಲೂ ರಷ್ಯಾದಲ್ಲಿರುವವರಿಗೆ, ಇದು ತೊಂದರೆ ಅಂತ ನಮಗೆ ಗೊತ್ತು. ಎರಡು ಸಾಲಿನ ನೋಟೀಸು ಹಾಕಿ ಸುಮ್ನೆ ಕೂರಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಈ ಪತ್ರ.

ಇದು ಶುರುವಾಗಿದ್ದು ಹೇಗೆ ಅಂತ ಹೇಳಬೇಕು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚಿಕ್ಕದೊಂದು ಕಾಫಿ ಹುರಿಯುವ ಅಂಗಡಿ ನಡೆಸುವ ಗಂಡ ಹೆಂಡತಿ ಒಂದು ಕೊಯ್ಲಿನ ಹೊತ್ತಿಗೆ ನಮ್ಮ ಸದಸ್ಯರೊಬ್ಬರ ಹೋಂಸ್ಟೇಗೆ ಬಂದಿದ್ದರು. ಒಂದು ವಾರ ಇದ್ದರು. ಬೆಳಿಗ್ಗೆ ಎದ್ದು ಕಣದಲ್ಲಿ ಕಾಫಿ ಹಣ್ಣು ಹರಡಲು ಕೈ ಜೋಡಿಸುತ್ತಿದ್ದರು. ಆಮೇಲೆ ಪ್ರತಿ ವರ್ಷ ನಮ್ಮ ಅರೇಬಿಕಾ ಒಂದಷ್ಟು ಮೂಟೆ ಅವರಿಗೇ ಅಂತ ಹೋಗುತ್ತಿತ್ತು. ಬ್ಯಾಂಕಿನಲ್ಲಿ ಡಾಲರ್ ಬರುತ್ತಿತ್ತು, ಕಾಗದ ಪತ್ರ ಎಲ್ಲ ಸರಿ ಇರುತ್ತಿತ್ತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ರಷ್ಯಾದ ಏಳು ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ ಹೊರಗೆ ಹಾಕಿತು. ಜೂನ್‌ನಲ್ಲಿ ಅಲ್ಲಿನ ಅತಿ ದೊಡ್ಡ ಬ್ಯಾಂಕ್ ಸ್ಬರ್‌ಬ್ಯಾಂಕ್ ಕೂಡ ಆ ಪಟ್ಟಿಗೆ ಸೇರಿತು. ಸ್ವಿಫ್ಟ್ ಹಣ ಸಾಗಿಸುವುದಿಲ್ಲ. ಇಂಥವರ ಖಾತೆಯಿಂದ ತೆಗೆದು ಇಂಥವರಿಗೆ ಕೊಡಿ ಅಂತ ಒಂದು ಬ್ಯಾಂಕಿನ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ, ಅಷ್ಟೇ. ಆದರೆ ಆ ಮಾತೇ ಮುಟ್ಟದಿದ್ದರೆ ಹಣ ಕದಲುವುದು ಬಹಳ ಕಷ್ಟ. ಅದೇ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕೂಡ ರಷ್ಯಾದಲ್ಲಿ ಕೆಲಸ ನಿಲ್ಲಿಸಿದವು. ಅಲ್ಲಿ ಕೊಟ್ಟ ಕಾರ್ಡು ಹೊರದೇಶದಲ್ಲಿ ನಡೆಯದ ಹಾಗಾಯಿತು.

ಕಾಫಿಗೆ ನಿಷೇಧ ಇರಲಿಲ್ಲ, ಇವತ್ತೂ ಇಲ್ಲ. ಅಮೆರಿಕದ ನಿರ್ಬಂಧಗಳಲ್ಲೂ ಆಹಾರ ಪದಾರ್ಥಕ್ಕೆ ವಿನಾಯಿತಿ ಇದೆ. ಭಾರತದ ಕಾಫಿಯನ್ನು ಜಾಸ್ತಿ ಕೊಳ್ಳುವ ದೇಶಗಳಲ್ಲಿ ರಷ್ಯಾ ಈಗಲೂ ಒಂದು. ಆದರೂ ಡಾಲರ್ ಹಣ ಹೆಚ್ಚಾಗಿ ಅಮೆರಿಕದ ಬ್ಯಾಂಕುಗಳ ಮೂಲಕವೇ ಹಾದು ಬರಬೇಕು. ಅಲ್ಲಿ ‘ರಷ್ಯಾ’ ಅಂತ ಕಂಡರೆ ಸಾಕು, ಗುಮಾಸ್ತರಿಗೆ ಅನುಮಾನ. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ವಿವರಿಸುತ್ತಾರೆ. ಕೆಲವೇ ಮೂಟೆ ಕಾಫಿಗೆ ಅಷ್ಟು ತಲೆ ಕೆಡಿಸಿಕೊಳ್ಳುವವರು ಯಾರು? ಆ ದಂಪತಿ ಕಳಿಸಿದ ಹಣ ಮೂರು ವಾರ ಎಲ್ಲೋ ನಿಂತು ವಾಪಸ್ ಹೋಯಿತು. ಯಾವ ತಪ್ಪೂ ಮಾಡದವರ ಮುಂದೆ ಬಾಗಿಲು ಮುಚ್ಚಿತ್ತು. ನಮಗೆ ಅದು ಇವತ್ತಿಗೂ ನೋವಿನ ವಿಷಯ.

ಆಗ ಅವರೇ ಯುಎಸ್‌ಡಿಟಿ ಅಂದರು. ಒಂದು ಯುಎಸ್‌ಡಿಟಿ ಅಂದರೆ ಸುಮಾರು ಒಂದು ಡಾಲರ್. ಬ್ಯಾಂಕ್ ಬೇಡ, ಹತ್ತು ನಿಮಿಷದಲ್ಲಿ ಬರುತ್ತದೆ. ಮೂಟೆ ಲೆಕ್ಕದ ಕಾಫಿಗೆ ನಾವು ಒಪ್ಪಲಿಲ್ಲ. ಆದರೆ ಹುರಿದ ಕಾಫಿಯ ಸಣ್ಣ ಪಾರ್ಸೆಲ್‌ಗಳಿಗೆ ಒಪ್ಪಿದೆವು. ಸಂಗತಿ ತಿಳಿದು ಬೇರೆ ಕೆಲವು ಗ್ರಾಹಕರೂ ಹಾಗೇ ಕೊಡತೊಡಗಿದರು. ಸದಸ್ಯರೊಬ್ಬರ ಮಗ ತನ್ನ ವಾಲೆಟ್‌ನಲ್ಲಿ, ಅಂದರೆ ಕ್ರಿಪ್ಟೋ ಇಡುವ ಡಿಜಿಟಲ್ ಖಾತೆಯಲ್ಲಿ, ಅದನ್ನು ಪಡೆದು, ಆ್ಯಪ್‌ನಲ್ಲಿ ಯಾರಿಗೋ ಮಾರಿ, ರೂಪಾಯಿಯನ್ನು ನೇರವಾಗಿ ಸಂಘದ ಖಾತೆಗೆ ಹಾಕಿಸುತ್ತಿದ್ದ. ಸಣ್ಣ ಪಾರ್ಸೆಲ್ ಅಲ್ವಾ, ಏನಾಗುತ್ತದೆ ಅಂದುಕೊಂಡೆವು. ಆ ಹುಡುಗನದ್ದೇನೂ ತಪ್ಪಿಲ್ಲ. ಒಪ್ಪಿಗೆ ಕೊಟ್ಟಿದ್ದು ಆಡಳಿತ ಮಂಡಳಿ.

ಕಳೆದ ಕೊಯ್ಲಿನಲ್ಲಿ, ಬಟವಾಡೆ ದಿನ ಬೆಳಿಗ್ಗೆ, ಕೂಲಿ ಹಣ ತೆಗೆಯಲು ಬ್ಯಾಂಕಿಗೆ ಹೋದಾಗ ಖಾತೆ ತಡೆ ಹಿಡಿದಿದ್ದರು. ಮ್ಯಾನೇಜರ್ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ನಮ್ಮ ಯುಎಸ್‌ಡಿಟಿ ಕೊಂಡವನು ಕೊಟ್ಟ ರೂಪಾಯಿ, ಬೇರೆ ರಾಜ್ಯದಲ್ಲಿ ಯಾರಿಗೋ ಫೋನಿನಲ್ಲಿ ಮೋಸ ಮಾಡಿ ದೋಚಿದ ಹಣವಂತೆ. ಅಲ್ಲಿನ ಪೊಲೀಸರು ಅದರ ಜಾಡು ಹಿಡಿದು ಬಂದಿದ್ದರು. ಅವರು ಮಾಡಿದ್ದು ಸರಿಯೇ. ಆ ಹಣ ಕಳೆದುಕೊಂಡವರಿಗೂ ನ್ಯಾಯ ಸಿಗಬೇಕು. ಆದರೆ ಇಲ್ಲಿ ಸಂಜೆ ನಾಲ್ಕಕ್ಕೆ ಕೆಲಸದವರು ತೂಕದ ಶೆಡ್ಡಿನ ಮುಂದೆ ಸಾಲಾಗಿ ನಿಂತಿದ್ದರು. ಮೂರು ಮನೆ ಸುತ್ತಿ ಕೈಸಾಲ ತಂದು ಅರ್ಧರ್ಧ ಕೊಟ್ಟೆವು. ಸಾಲಿನ ಕೊನೆಯಲ್ಲಿದ್ದ ಒಬ್ಬ ಅಜ್ಜಿ, ‘ಪೂರ್ತಿ ಆಮೇಲೆ ಕೊಡಿ ಅಣ್ಣ, ಅಕ್ಕಿಗೆ ಮಾತ್ರ ಇವತ್ತೇ ಬೇಕು’ ಅಂದರು. ಖಾತೆ ಬಿಡಿಸಿಕೊಳ್ಳಲು ಹನ್ನೊಂದು ದಿನ ಹಿಡಿಯಿತು.

ಅದಾದ ಮೇಲೆ ನಾವು ಕೂತು ಇದನ್ನು ಸರಿಯಾಗಿ ಓದಿಕೊಂಡೆವು. ಲೆಕ್ಕಪರಿಶೋಧಕರ ಹತ್ತಿರ, ಬ್ಯಾಂಕಿನವರ ಹತ್ತಿರ ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳಿದೆವು. ಪಾರ್ಸೆಲ್ ಎಷ್ಟೇ ಸಣ್ಣದಾದರೂ ದುಡ್ಡಿಗೆ ಹೊರದೇಶಕ್ಕೆ ಕಳಿಸಿದರೆ ಅದು ರಫ್ತು. ರಫ್ತಿನ ಹಣ ಅಧಿಕೃತ ಬ್ಯಾಂಕಿನ ಮೂಲಕವೇ ಬರಬೇಕು ಅಂತ 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆ ಮತ್ತು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತವೆ. ನಮ್ಮ ದೇಶದಲ್ಲಿ ಕ್ರಿಪ್ಟೋ ಇಟ್ಟುಕೊಳ್ಳುವುದು ಅಪರಾಧವಲ್ಲ. ಕ್ರಿಪ್ಟೋ ವ್ಯವಹಾರಕ್ಕೆ ಸೇವೆ ಕೊಡಬಾರದು ಅಂತ ಬ್ಯಾಂಕುಗಳ ಮೇಲೆ 2018ರಲ್ಲಿ ರಿಸರ್ವ್ ಬ್ಯಾಂಕ್ ಹಾಕಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೆಗೆದುಹಾಕಿತು. 2022ರಿಂದ ಲಾಭದ ಮೇಲೆ ಶೇ 30 ತೆರಿಗೆ, ಮಾರುವಾಗ ಶೇ 1 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಇದೆ. ಇಟ್ಟುಕೊಳ್ಳಬಹುದು ಅಂದ ಮಾತ್ರಕ್ಕೆ ರಫ್ತಿಗೆ ಬೆಲೆಯಾಗಿ ತೆಗೆದುಕೊಳ್ಳಬಹುದು ಅಂತ ಅರ್ಥ ಅಲ್ಲ. ಇದು ನಮಗೆ ಮೊದಲೇ ತಿಳಿದಿರಬೇಕಿತ್ತು.

ಇನ್ನೊಂದು ಸಂಗತಿ ನಮ್ಮ ಕಣ್ಣು ತೆರೆಸಿತು. ಬ್ಯಾಂಕ್ ಮುಚ್ಚಿದರೂ ಕ್ರಿಪ್ಟೋ ಯಾರ ಕೈಗೂ ಸಿಗುವುದಿಲ್ಲ ಅಂತ ತುಂಬ ಜನ ನಂಬಿದ್ದಾರೆ. ನಾವೂ ನಂಬಿದ್ದೆವು. ಬಿಟ್‌ಕಾಯಿನ್ ಮಟ್ಟಿಗೆ ಅದು ಸ್ವಲ್ಪ ನಿಜ. ಅದನ್ನು ತಡೆ ಹಿಡಿಯಲು ಒಡೆಯ ಅಂತ ಒಬ್ಬ ಇಲ್ಲ. ಯುಎಸ್‌ಡಿಟಿ ಹಾಗಲ್ಲ. ಅದನ್ನು ಹೊರಡಿಸುವುದು ಟೆದರ್ ಎಂಬ ಕಂಪನಿ. ಯಾವ ವಾಲೆಟ್‌ನಲ್ಲಿ ಇರುವುದನ್ನು ಬೇಕಾದರೂ ಅದು ಅಲ್ಲಾಡದ ಹಾಗೆ ಮಾಡಬಲ್ಲದು. ಕ್ರಿಪ್ಟೋ ಕೊಂಡು ಮಾರುವ ರಷ್ಯಾದ ಗ್ಯಾರಂಟೆಕ್ಸ್ ಎಂಬ ವಿನಿಮಯ ಕೇಂದ್ರದ ಮೇಲೆ ಅಮೆರಿಕ 2022ರ ಏಪ್ರಿಲ್‌ನಲ್ಲೇ ನಿರ್ಬಂಧ ಹಾಕಿತ್ತು. ಆದರೂ ಅದು ಸುಮಾರು ಮೂರು ವರ್ಷ ನಡೆಯಿತು. 2025ರ ಮಾರ್ಚ್‌ನಲ್ಲಿ ಟೆದರ್ ಅದರ ವಾಲೆಟ್‌ಗಳನ್ನು ತಡೆದಾಗ ಒಂದೇ ಏಟಿಗೆ ಬಾಗಿಲು ಹಾಕಬೇಕಾಯಿತು. ಅಲ್ಲಿ ಹಣ ಇಟ್ಟಿದ್ದವರಲ್ಲಿ ಸಾಮಾನ್ಯ ಅಂಗಡಿಯವರು, ಓದಲು ಹೋದವರು ಇರಲಿಲ್ಲವೇ?

ಅದೂ ಅಲ್ಲದೆ, ಪ್ರತಿ ವರ್ಗಾವಣೆಯ ದಾಖಲೆ ಎಲ್ಲರೂ ನೋಡುವ ಹಾಗೆ ಉಳಿದಿರುತ್ತದೆ. ಕಾಫಿ ಹದ ಮಾಡುವ ಕ್ಯೂರಿಂಗ್ ಕೇಂದ್ರದಲ್ಲಿ ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ಮೂಸುತ್ತಾರಲ್ಲ, ಮುಗ್ಗಲು ವಾಸನೆ ಬಂದರೆ ಇಡೀ ಲಾಟ್ ಪಕ್ಕಕ್ಕೆ ಹೋಗುತ್ತದೆ. ಹಾಗೇ, ನಮ್ಮ ಕೈಗೆ ಬಂದ ನಾಣ್ಯ ನಾಲ್ಕು ಕೈ ಹಿಂದೆ ನಿರ್ಬಂಧದ ಪಟ್ಟಿಯಲ್ಲಿರುವ ವಾಲೆಟ್ ಮುಟ್ಟಿ ಬಂದಿದ್ದರೆ, ಅದನ್ನು ರೂಪಾಯಿ ಮಾಡಲು ಹೋದಾಗ ವಿನಿಮಯ ಕೇಂದ್ರದವರು ತಡೆಯಬಹುದು. ಕೊಟ್ಟವರಿಗೂ ಅದು ಗೊತ್ತಿರುವುದಿಲ್ಲ. 2023ರಿಂದ ಇಲ್ಲಿನ ವಿನಿಮಯ ಕೇಂದ್ರಗಳೂ ಅಕ್ರಮ ಹಣ ತಡೆ ಕಾಯ್ದೆಯಡಿ ಬರುತ್ತವೆ. ಅನುಮಾನ ಬಂದರೆ ಅವರು ವರದಿ ಮಾಡಲೇಬೇಕು. ರಷ್ಯಾ 2024ರಲ್ಲಿ ತನ್ನ ವ್ಯಾಪಾರಿಗಳಿಗೆ ವಿದೇಶಿ ವ್ಯಾಪಾರದಲ್ಲಿ ಕ್ರಿಪ್ಟೋ ಬಳಸಲು ಕಾನೂನು ಮಾಡಿಕೊಟ್ಟಿದೆ, ನಿಜ. ಅಲ್ಲಿ ಕೊಡಬಹುದು ಅಂದರೆ ಇಲ್ಲಿ ತೆಗೆದುಕೊಳ್ಳಬಹುದು ಅಂತ ಆಗಲಿಲ್ಲವಲ್ಲ.

ಇನ್ನು ಮುಂದೆ ಹೇಗೆ ಅಂತ ಕೇಳುತ್ತೀರಿ. ರಿಸರ್ವ್ ಬ್ಯಾಂಕ್ 2022ರ ಜುಲೈ 11ರಂದು ಹೊರದೇಶದ ವ್ಯಾಪಾರವನ್ನು ರೂಪಾಯಿಯಲ್ಲೇ ನಡೆಸಲು ದಾರಿ ಮಾಡಿದೆ. ಆ ದೇಶದ ಬ್ಯಾಂಕ್ ಇಲ್ಲಿನ ಬ್ಯಾಂಕಿನಲ್ಲಿ ವೋಸ್ಟ್ರೋ ಅಂತ ರೂಪಾಯಿ ಖಾತೆ ಇಡುತ್ತದೆ. ನೀವು ಅಲ್ಲಿ ರೂಬಲ್ ಕಟ್ಟಿದರೆ ನಮಗೆ ಇಲ್ಲಿ ರೂಪಾಯಿ ಸಿಗುತ್ತದೆ, ಡಾಲರ್ ನಡುವೆ ಬರುವುದೇ ಇಲ್ಲ. ರಷ್ಯಾದ ಹಲವು ಬ್ಯಾಂಕುಗಳಿಗೆ ಇಂಥ ಖಾತೆ ಇದೆ. ಕಾಗದದ ಕೆಲಸ ಜಾಸ್ತಿ, ನಿಧಾನ ಕೂಡ. ಹಾಗಾಗಿ ಬಿಡಿ ಪಾರ್ಸೆಲ್‌ಗೆ ಇದು ಹೊಂದುವುದಿಲ್ಲ, ಮೂಟೆ ಲೆಕ್ಕದಲ್ಲಿ ಕೊಳ್ಳುವವರಿಗೆ ಮಾತ್ರ ಸರಿ. ನಿಮ್ಮ ಬ್ಯಾಂಕಿನ ಹೆಸರು ತಿಳಿಸಿದರೆ ಉಳಿದದ್ದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಅರ್ಧ ಕಿಲೋ, ಒಂದು ಕಿಲೋ ತರಿಸುವವರು ಊರಿನಲ್ಲಿರುವ ಅಪ್ಪ ಅಮ್ಮನಿಗೋ ಅಕ್ಕನಿಗೋ ಹೇಳಿ. ಬಿಲ್ ಅವರ ಹೆಸರಿಗೆ, ಪಾರ್ಸೆಲ್ ಅವರ ಮನೆಗೆ. ಯಾರಾದರೂ ನಿಮ್ಮ ಕಡೆ ಬರುವಾಗ ತಂದುಕೊಡಬಹುದು. ಹೊರದೇಶಕ್ಕೆ ಒಯ್ಯುವುದು ಅಂತ ಮೊದಲೇ ಹೇಳಿದರೆ ದೂರದ ಪ್ರಯಾಣಕ್ಕೆ ತಾಳುವ ಹಾಗೆ ಪುಡಿ ಮಾಡದೆ ಬೀಜವಾಗಿಯೇ ಪ್ಯಾಕ್ ಮಾಡಿ ಕೊಡುತ್ತೇವೆ.

ಒಂದು ಮುಖ್ಯ ಮಾತು. ಹಳೆಯ ವಾಲೆಟ್ ವಿಳಾಸಕ್ಕೆ ದಯವಿಟ್ಟು ಏನೂ ಕಳಿಸಬೇಡಿ. ಅದನ್ನು ಈಗ ಯಾರೂ ನೋಡುವುದಿಲ್ಲ. ಸಂಘದ ಹೆಸರು ಹೇಳಿ ಹೊಸ ವಾಲೆಟ್ ವಿಳಾಸ ಯಾರಾದರೂ ಕೊಟ್ಟರೆ ಅದು ಮೋಸ, ಕೂಡಲೇ ನಮಗೆ ಫೋನ್ ಮಾಡಿ. ಈವರೆಗೆ ಹಣ ಕೊಟ್ಟವರ ಪಾರ್ಸೆಲ್‌ಗಳೆಲ್ಲ ಹೊರಟಿವೆ, ಯಾರದ್ದೂ ಬಾಕಿ ಇಲ್ಲ.

ಪೀಟರ್ಸ್‌ಬರ್ಗ್‌ನ ಆ ದಂಪತಿಗೆ ಇದನ್ನೆಲ್ಲ ಮೊದಲೇ ಬರೆದಿದ್ದೆವು. ಬೇಜಾರು ಮಾಡಿಕೊಳ್ಳಲಿಲ್ಲ. ವೋಸ್ಟ್ರೋ ಖಾತೆ ಬಗ್ಗೆ ತಮ್ಮ ಬ್ಯಾಂಕಿನಲ್ಲಿ ಕೇಳಿದ್ದಾರೆ. ಈ ಸಲದ ಅರೇಬಿಕಾದಲ್ಲಿ ಎರಡು ಮೂಟೆ ಅವರ ಹೆಸರು ಬರೆದು ಗೋದಾಮಿನಲ್ಲಿ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ, ಇಟ್ಟಿದ್ದೇವೆ. ಮಳೆಗಾಲದೊಳಗೆ ಉತ್ತರ ಬಂದರೆ ಒಳ್ಳೆಯದು.

ಇಂತಿ ನಿಮ್ಮ,
ಕಾರ್ಯದರ್ಶಿ
(ಸಂಘದ ಎಲ್ಲ ಬೆಳೆಗಾರರ ಪರವಾಗಿ)